ಹನ್ನೊಂದನೆಯ ತಲೆ

ಆ ಮನೆಯಲ್ಲಿ ಗೆರೆ ಗಂಡಸರ ಪಾಲು, ಬಣ್ಣ ಹೆಂಗಸರ ಪಾಲು. ಯಾವ ಕಾಲದಲ್ಲಿ ಯಾವ ಮಹಾನುಭಾವ ಹೀಗೆ ಪಾಲು ಮಾಡಿಟ್ಟನೋ, ಕೇಳಿದರೆ ಹೇಳುವವರು ಯಾರೂ ಇರಲಿಲ್ಲ. ಬಟ್ಟೆಯ ಮೇಲೆ ಪುರಾಣದ ಚಿತ್ರ ಬರೆಯುವ ಮನೆ ಅದು. ಹಾಲಿನಲ್ಲಿ ಅದ್ದಿ ಒಣಗಿಸಿದ ಬಟ್ಟೆ, ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಕೊಳೆಸಿ ಸೋಸಿದ ಕರಿ, ನಡುವೆ ಉಣ್ಣೆ ಸುತ್ತಿದ ಬಿದಿರ ಕಡ್ಡಿ. ಉಣ್ಣೆಯನ್ನು ಮೆಲ್ಲಗೆ ಹಿಂಡಿದರೆ ಕಡ್ಡಿಯ ತುದಿಗೆ ಕರಿ ಇಳಿಯುತ್ತದೆ. ಇಳಿದು ಬಟ್ಟೆಗೆ ತಾಗಿತೆಂದರೆ ಮುಗಿಯಿತು. ತಿಕ್ಕಿದರೂ ಹೋಗದು, ತೊಳೆದರೂ ಹೋಗದು, ಕೂತು ಅತ್ತರೂ ಹೋಗದು. ಹಾಗಾಗಿ ಕಡ್ಡಿ ಹಿಡಿದವನಿಗೆ ಮನೆಯಲ್ಲಿ ಇನ್ನಿಲ್ಲದ ಮರ್ಯಾದೆ. ಮೊದಲ ಅನ್ನ ಅವನ ತಟ್ಟೆಗೆ, ಮೊದಲ ಚಹಾ ಅವನ ಲೋಟಕ್ಕೆ.

ಈಗ ಕಡ್ಡಿ ಇದ್ದದ್ದು ಮಾವನ ಕೈಯಲ್ಲಿ. ಬೀದಿಯವರ ಬಾಯಲ್ಲಿ ಆತ ಗೆರೆಯಜ್ಜ. ಅತ್ತೆ ಬಟ್ಟೆಗೆ ಹಾಲು ಹಾಕುವುದು, ಬಣ್ಣ ಕುದಿಸುವುದು ನೋಡಿಕೊಳ್ಳುತ್ತಿದ್ದಳು. ಮಗ ಊರೂರು ಸುತ್ತಿ ಕೆಲಸ ಹಿಡಿದು ತರುತ್ತಿದ್ದ. ಸೊಸೆ ಮದುವೆಯಾಗಿ ಬಂದಾಗಿನಿಂದ ಬಣ್ಣ ತುಂಬುತ್ತಲೇ ಇದ್ದಳು. ಇವರೆಲ್ಲರ ಮೇಲೆ ಒಬ್ಬಳು ಮೊಮ್ಮಗಳು. ಶಾಲೆಗೆ ಹೋಗುವ ಹುಡುಗಿ; ಎದ್ದಾಗಿನಿಂದ ಮಲಗುವ ತನಕ ಬಾಯಿ ನಿಲ್ಲದು. ಮನೆಯಲ್ಲಿ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು.

ಸೊಸೆಗೆ ಬೇಕಾಗಿದ್ದದ್ದು ಕಡ್ಡಿ. ಒಡವೆ ಬೇಕೆಂದು ಗಂಡನ ತಲೆ ತಿಂದವಳಲ್ಲ, ಬೇರೆ ಮನೆ ಮಾಡೋಣ ಎಂದು ಮುಖ ಊದಿಸಿಕೊಂಡವಳಲ್ಲ. ಕಡ್ಡಿ ಮಾತ್ರ ಬೇಕಿತ್ತು. ಅಡುಗೆ ಕಟ್ಟೆಯ ಕಲ್ಲನ್ನು ಒರೆಸುವ ಮೊದಲು ಒದ್ದೆ ಬೆರಳಿನಲ್ಲಿ ಅದರ ಮೇಲೆ ಒಂದು ಕುದುರೆ ಎಳೆಯುತ್ತಿದ್ದಳು. ಹಾಲು ಕುದಿಯುವಾಗ ಕಿಟಕಿಯ ಗಾಜಿಗೆ ಆವಿ ಕಟ್ಟಿದರೆ ಅಲ್ಲೊಬ್ಬಳು ರಾಣಿ. ಒಮ್ಮೆ ಧೈರ್ಯ ಮಾಡಿ ಮಾವನನ್ನೇ ಕೇಳಿದ್ದಳು. "ನಿನ್ನ ಬಣ್ಣ ತುಂಬಾ ಚೆನ್ನಾಗಿರತ್ತಮ್ಮ" ಎಂದಿದ್ದ ಮಾವ. ಕೇಳಿದ್ದೊಂದು, ಬಂದ ಉತ್ತರ ಇನ್ನೊಂದು. ಆದರೂ ಅವಳು ಆಸೆ ಬಿಟ್ಟಿರಲಿಲ್ಲ.

"ಕಲ್ಲಿನ ಮೇಲೆ ನೀರಲ್ಲಿ ಏನು ಬೇಕಾದ್ರೂ ಬರ್ಕೋ, ನನ್ನ ತಕರಾರಿಲ್ಲ" ಎನ್ನುತ್ತಿದ್ದಳು ಅತ್ತೆ. "ಬಟ್ಟೆ ಹತ್ರ ಮಾತ್ರ ಹೋಗ್ಬೇಡ."

ಗೆರೆ ಹಾಕುವುದಕ್ಕೆ ಆ ಮನೆಯಲ್ಲಿ ಒಂದು ಕ್ರಮವಿತ್ತು. ಕೈ ಎಳೆಯುವುದನ್ನು ಬಾಯಿ ಹೇಳುತ್ತಿರಬೇಕು. ಅಳತೆ ಕೋಲಿಲ್ಲ, ನಕಲು ಹಾಳೆಯಿಲ್ಲ, ಎಣಿಕೆಯಂತೂ ಇಲ್ಲವೇ ಇಲ್ಲ. ಪುರಾಣದಲ್ಲಿ ಅವರಿಗೆಲ್ಲ ದೊಡ್ಡ ದೊಡ್ಡ ಹೆಸರಿದ್ದರೂ ಈ ಮನೆಯಲ್ಲಿ ಹತ್ತುತಲೆ, ರಾಣಿ, ಮುದಿಹದ್ದು, ಇಷ್ಟೇ. ಹತ್ತುತಲೆಯ ದೊರೆಯನ್ನು ಬರೆಯುವಾಗ ಮಾವ, "ನಡುವೆ ಮೀಸೆ ತಿರುವೋದು ಬಂತು. ಅದರ ಪಕ್ಕ ನಗೋದು ಬಂತು. ಹಲ್ಲು ಕಡಿಯೋದು ಬಂತು" ಎಂದು ಒಂದೊಂದು ತಲೆಯನ್ನೂ ಅದರ ಗುಣ ಹೇಳಿ ಕರೆಯುತ್ತಿದ್ದ. ಎಡಕ್ಕೆ ಹೋಗಿ ಮುಗಿಸಿ, ಬಲಕ್ಕೆ ಬಂದು, ಕಟ್ಟಕಡೆಗೆ "ಹೆದರಿ ಹಿಂತಿರುಗಿ ನೋಡೋದು ಬಂತು" ಎಂದರೆ ತಲೆಗಳು ಮುಗಿದವು ಎಂದು ಅರ್ಥ. ಒಳಗೆ ಅರಿಶಿನ ಅರೆಯುತ್ತಿದ್ದವರಿಗೂ ಅದು ಗೊತ್ತಾಗುತ್ತಿತ್ತು. ಹೇಳುವಾಗ ಮಧ್ಯೆ ಬಾಯಿ ಹಾಕಬಾರದು ಎನ್ನುವುದು ಮನೆಯ ಕಟ್ಟಪ್ಪಣೆ.

ಆ ಸಲ ಬಂದಿದ್ದದ್ದು ದೊಡ್ಡ ಕೆಲಸ. ಹೊಸದಾಗಿ ಕಟ್ಟಿದ ನಾಟಕ ಮಂದಿರದ ಮುಂಗೋಡೆಗೆ ಆ ತುದಿಯಿಂದ ಈ ತುದಿಗೆ ಒಂದೇ ಬಟ್ಟೆ. ಹತ್ತುತಲೆಯ ದೊರೆ ರಾಣಿಯನ್ನು ರಥದಲ್ಲಿ ಹಾಕಿಕೊಂಡು ಹಾರುತ್ತಿದ್ದಾನೆ, ಮುದಿಹದ್ದು ಹಿಂದಿನಿಂದ ಬಂದು ಎರಗುತ್ತಿದೆ. ಮಾವ ನಡುಮನೆಯಲ್ಲಿ ಉದ್ದದ ಹಲಗೆಯ ಮುಂದೆ ಕೂತು ತಲೆಗಳಿಗೆ ಬಂದಿದ್ದ. ಅಷ್ಟರಲ್ಲಿ ಮಗ ಹೊರಗಿನಿಂದ ಬಂದವನೇ ಚಪ್ಪಲಿ ಬಿಡುತ್ತಲೇ ಶುರುಮಾಡಿದ.

"ಅಪ್ಪ, ಒಂದ್ ಮಾತು."

ಮಾವ ಎಡಗೈ ಎತ್ತಿ ತಡೆ ಎಂದ. ಮಗ ತಡೆಯಲಿಲ್ಲ.

"ಅಚ್ಚಿನ ಅಂಗಡಿಯವನು ಒಪ್ಪಿದಾನೆ. ನೀವು ಒಂದೇ ಒಂದ್ ಸಲ ಗೆರೆ ಹಾಕಿಕೊಟ್ರೆ ಸಾಕು. ಅದರ ಫೋಟೋ ತಗೊಂಡು ಎಷ್ಟು ಬಟ್ಟೆ ಬೇಕಾದ್ರೂ ಹೊಡ್ಕೊಡ್ತಾನೆ. ಬಣ್ಣ ಹೇಗೂ ನಮ್ಮನೇದೇ."

"ಮತ್ತೆ ನಾನು?"

"ನೀವು ಆರಾಮಾಗಿರಿ."

"ಆರಾಮಾಗಿರೋದಂದ್ರೆ ಗೋಡೆ ಮೇಲೆ ಫೋಟೋ ಆಗಿ ತೂಗಾಡೋದೇ ಸರಿ" ಎಂದ ಮಾವ. "ಅದನ್ನೂ ಅವನ ಹತ್ರಾನೇ ತೆಗೆಸಿಬಿಡು. ಒಂದೇ ಓಡಾಟದಲ್ಲಿ ಆಗಿಹೋಗತ್ತೆ."

"ನಿಮ್ಮ ಒಳ್ಳೇದಕ್ಕೆ ಹೇಳಿದ್ರೆ ಹೀಗಂತೀರಿ. ಒಂದು ಬಟ್ಟೆಗೆ ತಿಂಗಳು ಹಿಡಿದ್ರೆ ಮುಂದೆ ಯಾರು ನಮ್ಮನ್ನ ಕೇಳ್ತಾರೆ? ಊರಲ್ಲಿ ಯಾರಿಗೆ ಗೊತ್ತಾಗತ್ತೆ ಕೈಯಿಂದ ಹಾಕಿದ್ದೋ ಮಿಷನ್ ಹಾಕಿದ್ದೋ ಅಂತ?"

"ನಂಗೆ ಗೊತ್ತಾಗತ್ತೆ."

ಮಾತಿಗೆ ಮಾತು ಬೆಳೆಯಿತು. ಅತ್ತೆ ಬಂದು ಇಬ್ಬರಿಗೂ ಸೇರಿಸಿ ಬೈದಳು. ಮಗ ದುಸುಮುಸು ಎನ್ನುತ್ತ ಹೊರಗೆ ಹೋದ. ಮಾವ ಮತ್ತೆ ಕಡ್ಡಿ ಎತ್ತಿಕೊಂಡು, "ಎಲ್ಲಿಗೆ ಬಂದಿದ್ದೆ?" ಎಂದ. ಯಾರನ್ನು ಕೇಳಿದನೋ ಗೊತ್ತಾಗದೆ ಯಾರೂ ಉತ್ತರ ಕೊಡಲಿಲ್ಲ.

ಗೆರೆ ಮುಗಿದು, ಒಣಗಿ, ತೊಳೆದು, ಮತ್ತೆ ಒಣಗಿ ಬಟ್ಟೆ ಹೆಂಗಸರ ಪಾಲಿಗೆ ಬಂತು. ಅತ್ತೆ, ಸೊಸೆ ಅದನ್ನು ಹಿತ್ತಲ ಕೋಣೆಯಲ್ಲಿ ಹಾಸಿ ಕೆಂಪಿನಿಂದ ಶುರುಮಾಡಿದರು. ರೇಡಿಯೋ ಆಲೂಗಡ್ಡೆ ಸುಲಿಯುತ್ತ ಮೂಲೆಯಲ್ಲಿ ಕೂತಿದ್ದಳು.

"ಅಮ್ಮ, ಹತ್ತುತಲೆಗೆ ಎಷ್ಟು ತಲೆ?"

"ಹೆಸರಲ್ಲೇ ಇದೆಯಲ್ಲೇ, ಪೆದ್ದಿ."

"ಇವನಿಗೆ ಹನ್ನೊಂದಿದೆ."

"ಮುಚ್ಕೊಂಡು ಸುಲಿ" ಎಂದಳು ಅತ್ತೆ. ಎಂದವಳ ಕಣ್ಣು ಮಾತ್ರ ಬಟ್ಟೆಯ ಮೇಲೆ ಹೋಯಿತು. ಸೊಸೆಯ ಕಣ್ಣೂ ಹೋಯಿತು. ಎಡಕ್ಕೆ ನಾಲ್ಕು, ನಡುವೆ ಒಂದು, ಬಲಕ್ಕೆ ಆರು. ಬಲಗಡೆಯ ಕೊನೆಯಲ್ಲಿ ಹೆದರಿ ಹಿಂತಿರುಗಿ ನೋಡುವ ತಲೆಗಳು ಎರಡಿದ್ದವು. ಒಂದೇ ಮುಖ, ಒಂದೇ ಕಿರೀಟ, ಅವಳಿ ಮಕ್ಕಳ ಹಾಗೆ. ಸೊಸೆ ಕುಂಚವನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಅಂಗೈ ಅಗಲದ ಬಟ್ಟೇಲೂ ಒಂದು ಬೆರಳು ಹೆಚ್ಚು ಹಾಕಿದವರಲ್ಲ ಇವರು" ಎಂದಳು ಅತ್ತೆ. ದನಿ ಸಣ್ಣದಾಗಿತ್ತು. "ಮೊನ್ನೆ ಸ್ನಾನ ಮಾಡಿ ಬಂದವರು ಮತ್ತೆ ಟವೆಲ್ ತಗೊಂಡು ಹೊರಟ್ರು. ಈಗಷ್ಟೇ ಆಯ್ತಲ್ರೀ ಅಂದೆ. ಸೆಕೆ ಅಂದ್ರು. ನಾನೂ ಸುಮ್ನಾದೆ."

"ಯಾಕೆ ಹೇಳ್ಲಿಲ್ಲ ಅತ್ತೆ?"

"ಏನಂತ ಹೇಳ್ಲಿ? ನನ್ನ ಗಂಡನಿಗೆ ಸೆಕೆ ಅಂತ ಹೇಳ್ಲಾ?"

ಸಂಜೆ ಮಾವ ಬೀದಿ ಕೊನೆಯವರೆಗೆ ಅಡ್ಡಾಡಿ ಬರಲು ಹೋದಾಗ ಮಗನಿಗೆ ಹೇಳಿದರು. ಅವನು ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ತಲೆಗಳನ್ನು ಬೆರಳಿಟ್ಟು ಎಣಿಸಿದ. ವಾಪಸು ಬಂದು ಕೂತವನು ಅನ್ನವನ್ನು ಕಲಸಿದ್ದೇ ಕಲಸಿದ್ದು, ಬಾಯಿಗೆ ಹಾಕಲಿಲ್ಲ.

"ನಾಳೆನೇ ಅಚ್ಚಿನವನ ಹತ್ರ ಹೋಗ್ತೀನಿ. ಬೇರೆ ಬಟ್ಟೆಗೆ ಹಾಲು ಹಾಕಿ ಒಣಗಿಸಿ ಗೆರೆ ಹಾಕೋ ಹೊತ್ತಿಗೆ ನಾಟಕ ಮಂದಿರ ಹಳೇದಾಗಿರತ್ತೆ. ಅಪ್ಪನ ಹಳೇ ಬಟ್ಟೆಯಿಂದ ಫೋಟೋ ತಗೊಂಡು ಅವನು ಹೊಡ್ಕೊಡ್ಲಿ."

"ಒಂದ್ ಸಲ ಅವನು ಹೊಡೆದ್ರೆ ಮುಂದೆ ಎಲ್ಲಾ ಅವನೇ ಹೊಡೀತಾನೆ" ಎಂದಳು ಸೊಸೆ.

"ಹೊಡೀಲಿ. ಬೇರೆ ದಾರಿ ಏನಿದೆ?"

"ನಂಗೆ ಬಿಡಿ. ಸರಿ ಮಾಡ್ತೀನಿ."

ಗಂಡ ಅವಳ ಮುಖ ನೋಡಿದ. "ನೀನು ಗೆರೆ ಹಾಕ್ತೀಯಾ? ಅದು ಕರಿ ಕಣೇ. ಅಡುಗೆ ಕಟ್ಟೆ ಮೇಲಿನ ನೀರಲ್ಲ."

ಅಂದರೆ ಇವನಿಗೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಹೂಂ ಇಲ್ಲ, ಉಹೂಂ ಇಲ್ಲ. ಸೊಸೆಗೆ ಒಳಗೇ ಉರಿಯಿತು. ಅದನ್ನು ಆಮೇಲೆ ವಿಚಾರಿಸಿಕೊಂಡರಾಯಿತು ಎಂದುಕೊಂಡಳು.

"ಹಾಳಾದ್ರೆ?" ಎಂದ ಗಂಡ.

"ಹನ್ನೊಂದು ತಲೆಗಿಂತ ಹೆಚ್ಚು ಏನು ಹಾಳಾಗತ್ತೆ ಹೇಳಿ. ಕತ್ತರಿಸೋಕಾಗಲ್ಲ, ಅಳಿಸೋಕಾಗಲ್ಲ. ಆ ತಲೆಗೊಂದು ಮೈ ಕೊಡ್ತೀನಿ. ರಥದ ಮುಂದೇನೇ ಇದೆ ಅದು. ಕೈಗೆ ಲಗಾಮು ಕೊಟ್ರೆ ಸಾರಥಿ ಆಗ್ತಾನೆ. ರಥ ಹೊಡೆಯೋನು ಒಬ್ಬ ಬೇಕಲ್ವಾ?"

ಇಷ್ಟು ವರ್ಷದಿಂದ ಆ ಮನೆಯಲ್ಲಿ ಅದೆಷ್ಟೋ ರಥಗಳು ಹಾರಿಹೋಗಿದ್ದವು. ಹೊಡೆಯುವವನು ಯಾರು ಎಂದು ಒಬ್ಬರೂ ಕೇಳಿರಲಿಲ್ಲ.

ಕೊನೆಗೆ ಅತ್ತೆ ತಟ್ಟೆ ಎತ್ತುತ್ತ ಹೇಳಿದಳು. "ನಾಳೆ ಇವರನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲಿ ಹನುಮಂತನ ಬಾಲದಷ್ಟುದ್ದ ಸಾಲು ಇರತ್ತೆ. ನಾವು ಬರೋದ್ರೊಳಗೆ ಮುಗಿಸು. ಕೇಳಿದ್ರೆ ನಂಗೇನೂ ಗೊತ್ತಿಲ್ಲ."

ಮಾರನೆಯ ಬೆಳಗ್ಗೆ ಅವರಿಬ್ಬರೂ ಹೊರಟ ಮೇಲೆ ಸೊಸೆ ಕೈತೊಳೆದುಕೊಂಡು ಬಟ್ಟೆಯ ಮುಂದೆ ಕೂತಳು. ಮಾವನ ಕಡ್ಡಿಯನ್ನು ಮುಟ್ಟಲಿಲ್ಲ. ಹಿತ್ತಲಿನ ಬಿದಿರಿನಿಂದ ತನಗೆಂದೇ ಕೆತ್ತಿಟ್ಟುಕೊಂಡಿದ್ದ ಕಡ್ಡಿ ಅಕ್ಕಿಡಬ್ಬದ ಹಿಂದೆ ಇತ್ತು, ಅದನ್ನೇ ತಂದಳು. ಕರಿಯಲ್ಲಿ ಅದ್ದಿ ಉಣ್ಣೆ ಹಿಂಡಿದಳು. ಕೈ ಕಡ್ಡಿಯಷ್ಟೇ ಗಟ್ಟಿಯಾಗಿ ನಿಂತುಬಿಟ್ಟಿತು. ಆಗ ನೆನಪಾಯಿತು, ಬಾಯಿ ಹೇಳದೆ ಕೈ ಓಡದು. ಹೇಳುವುದಾದರೂ ಏನನ್ನು? ಮಾವನ ಕಥೆಯಲ್ಲಿ ಸಾರಥಿಯೇ ಇಲ್ಲ. ತಾನೇ ಹುಟ್ಟಿಸಿ ಹೇಳಬೇಕು.

"ರಥ ಹೊಡೆಯೋನು ಬಂದ" ಎಂದಳು. ಹೆಗಲು ಇಳಿಯಿತು. "ಇವನಿಗೂ ಮನೇಲಿ ಹೆಂಡತಿ ಇದಾಳೆ, ಮಗಳಿದಾಳೆ." ಬೆನ್ನು ಬಂತು, ನಡು ಬಂತು. "ದೊರೆ ಹೊಡಿ ಅಂದ, ಹೊಡೆದ. ಹಿಂದುಗಡೆ ಹೆಣ್ಣೊಬ್ಬಳು ಅಳ್ತಿದಾಳೆ. ಹಿಂತಿರುಗಿ ನೋಡಿದ." ಮುಖ ಹೇಗೂ ಮಾವ ಬರೆದದ್ದೇ ಇತ್ತು, ಹೆದರಿದ್ದ, ಕಣ್ಣು ಅಗಲಿಸಿದ್ದ ಮುಖ. "ನೋಡಿದ ಮೇಲೂ ಲಗಾಮು ಬಿಡ್ಲಿಲ್ಲ." ಎರಡು ಕೈ ಬಂತು, ಕೈಯಿಂದ ಕುದುರೆಗಳ ತನಕ ಲಗಾಮು ಹೋಯಿತು.

ಉಳಿದದ್ದು ಕಿರೀಟ. ಸಾರಥಿಗೆಲ್ಲಿಯ ಕಿರೀಟ? ಅದರ ಮೇಲೆ ಮಡಿಕೆ ಮಡಿಕೆಯಾಗಿ ಪೇಟ ಸುತ್ತಿದಳು. ಕಿರೀಟದ ತುದಿ ಚೂಪಾಗಿ ನಿಂತಿದ್ದರಿಂದ ಪೇಟ ಕೊಂಚ ಎತ್ತರವೇ ಆಯಿತು. ಮೇಲೆ ದಟ್ಟ ಕೆಂಪು ತುಂಬಿದಳು. ಎದ್ದು ದೂರ ನಿಂತು ನೋಡಿದಾಗ ದೊರೆಗೆ ಸರಿಯಾಗಿ ಹತ್ತು ತಲೆ ಇದ್ದವು, ರಥಕ್ಕೆ ಒಬ್ಬ ಸಾರಥಿಯಿದ್ದ. ಸೊಸೆಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. ಹೋಗಿ ಒಂದು ಲೋಟ ಚಹಾ ಮಾಡಿಕೊಂಡು, ಆ ಮನೆಗೆ ಬಂದ ಮೇಲೆ ಮೊದಲ ಸಲ ಯಾರಿಗೂ ಕೊಡದೆ ಮೊದಲು ತಾನೇ ಕುಡಿದಳು.

ಇದೆಲ್ಲ ಅವಳು ಅಂದುಕೊಂಡಂತೆ ಮುಗಿದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಎರಡು ದಿನ ಬಿಟ್ಟು ಹೊಸ ಕನ್ನಡಕ ಕೈಗೆ ಬಂದಾಗ ಮಾವ ಅದನ್ನು ಹಾಕಿಕೊಂಡು ಮೊದಲು ಬಂದದ್ದೇ ಹಿತ್ತಲ ಕೋಣೆಗೆ.

"ಇವನ್ಯಾರು?"

ಹಳದಿ ಕಲಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗ ಗೋಡೆ ನೋಡಿದ. ರೇಡಿಯೋ ಕೂಡ ನಿಂತುಹೋಗಿತ್ತು.

"ನನ್ನ ಕಥೇಲಿ ಸಾರಥಿ ಇಲ್ಲ. ನನ್ನ ಬಟ್ಟೆ ಮೇಲೆ ಇವನು ಹೆಂಗೆ ಬಂದ?"

ಕರಿ ಉಗುರ ಸಂದಿಗೆ ಹೋದರೆ ವಾರವಾದರೂ ಬಿಡುವುದಿಲ್ಲ. ಮಾವ ಒಬ್ಬೊಬ್ಬರ ಕೈಯನ್ನೂ ನೋಡುತ್ತ ಬಂದು ಸೊಸೆಯ ಕೈಯ ಮೇಲೆ ಕಣ್ಣು ನಿಲ್ಲಿಸಿದ.

"ನಾನೇ ಮಾವ" ಎಂದಳು ಅವಳು.

"ಯಾಕೆ?"

ಮಾವನ ಬೆನ್ನ ಹಿಂದೆ ಅತ್ತೆ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಹನ್ನೊಂದು ತಲೆಯ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ತೋರಿಸೋಣವೆಂದರೆ ಆ ತಲೆಯೇ ಈಗ ಇಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದಳು, ಪುಣ್ಯಾತ್ಗಿತ್ತಿ. ಎಲ್ಲರೆದುರು ಆ ಮುದುಕನ ಮುಖಕ್ಕೆ ಹೇಳಲು ಮನಸ್ಸೂ ಬರಲಿಲ್ಲ.

"ಹಾಕ್ಬೇಕು ಅನ್ನಿಸ್ತು, ಹಾಕ್ದೆ."

"ಅನ್ನಿಸ್ತಾ?" ಮಾವ ಕನ್ನಡಕ ತೆಗೆದ. ಕೂಗಾಡಲಿಲ್ಲ, ಕೂಗಾಡಿದ್ದರೇ ಚೆನ್ನಾಗಿತ್ತು. "ನಾನು ಇಷ್ಟು ವರ್ಷ ಕಡ್ಡಿ ಹಿಡಿದೆ. ನನ್ನ ಅಪ್ಪ ಹಾಕಿದ ಗೆರೆ ಪಕ್ಕ ಒಂದು ಚುಕ್ಕೆ ಇಡ್ಬೇಕಾದ್ರೂ ಕೇಳಿ ಇಡ್ತಿದ್ದೆ. ಈ ಮನೇಲಿ ಯಾರಿಗೆ ಏನನ್ನಿಸಿದ್ರೂ ಗೆರೆ ಎಳೀಬಹುದು ಅಂತಾದ್ರೆ ಮಿಷನ್ನೂ ಎಳೀಲಿ, ಅದೇನು ಪಾಪ ಮಾಡಿದೆ?" ಮಗನ ಕಡೆ ತಿರುಗಿದ. "ಕರೆಸು ಆ ಅಚ್ಚಿನವನನ್ನ. ಹಳೇ ಬಟ್ಟೆ ಎಷ್ಟಿದೆಯೋ ಅಷ್ಟಕ್ಕೂ ಫೋಟೋ ತಗೊಳ್ಳಲಿ. ನಂಗೂ ಸಾಕಾಗಿದೆ."

ಅಲ್ಲಿಂದಾಚೆಗೆ ಆ ಮನೆಯ ಊಟ ಊಟವಾಗಿರಲಿಲ್ಲ. ಮಾವ ತನ್ನ ತಟ್ಟೆಯನ್ನು ನಡುಮನೆಗೆ ತರಿಸಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಸೊಸೆ ಬಡಿಸಲು ಬಂದರೆ ಬಾಯಲ್ಲಿ 'ಸಾಕು' ಬರುವ ಮೊದಲೇ ಕೈ ಅಡ್ಡ ಹಿಡಿಯುತ್ತಿದ್ದ. ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟಿದ್ದ. ಮಗನಿಗೆ ಬೇಕಾದ್ದು ಸಿಕ್ಕಿತ್ತು, ಆದರೆ ಗೆದ್ದವನ ಮುಖ ಅದಾಗಿರಲಿಲ್ಲ. ಅಚ್ಚಿನವನಿಗೆ ಬರಲು ಹೇಳಿ ಬಂದ ದಿನ ಅವನೂ ಸರಿಯಾಗಿ ಉಣ್ಣಲಿಲ್ಲ. ಸೊಸೆ ಬಣ್ಣ ತುಂಬುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಪ್ಪಿಕೊಂಡ ಕೆಲಸ. ಹದ್ದಿನ ರೆಕ್ಕೆಗೆ ಹಸಿರು, ರಾಣಿಯ ಸೀರೆಗೆ ಹಳದಿ, ಆಕಾಶಕ್ಕೆ ನೀಲಿ. ಬೆಳಗ್ಗೆ ಪಾತ್ರೆ ತೊಳೆದು ಕೂತರೆ ಬೆನ್ನು ಬಿದ್ದುಹೋಗುವ ತನಕ ಏಳುತ್ತಿರಲಿಲ್ಲ.

ಅಚ್ಚಿನವನು ಬರುವ ಹಿಂದಿನ ದಿನ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದಳು.

"ನಾಳೆ ಮಾವನಿಗೆ ಹೇಳಿಬಿಡ್ತೀನಿ."

"ಬೇಡ ಕಣೇ. ತಲೆ ಕೆಟ್ಟಿದೆ ಅಂತ ಅವರಿಗೆ ಅವರೇ ಅಂದ್ಕೊಂಡ್ರೆ ಮತ್ತೆ ಏಳಲ್ಲ ಅವರು. ನಂಗೆ ಗೊತ್ತು."

"ನೀವು ಸೆಕೆ ಅಂತ ಮುಚ್ಚಿದ್ರಿ, ನಾನು ಪೇಟ ಸುತ್ತಿ ಮುಚ್ಚಿದೆ. ಏನಾಯ್ತು? ನಾಳೆ ಮಿಷನ್ ಬಂದ್ರೆ ಅವರ ಗೆರೆನೂ ಇಲ್ಲ, ನನ್ನ ಗೆರೆನೂ ಇಲ್ಲ. ಯಾರ ಮರ್ಯಾದೆ ಉಳಿಸಿದ ಹಾಗಾಯ್ತು ಅತ್ತೆ?"

"ನಿಂಗೆ ಕಡ್ಡಿ ಬೇಕು. ಅದಕ್ಕೆ ಹೇಳ್ತಿದೀಯ."

"ಹೌದು, ಬೇಕು" ಎಂದಳು ಸೊಸೆ. "ಬೇಕು ಅನ್ನೋದರಲ್ಲಿ ತಪ್ಪೇನಿದೆ? ಕದ್ದು ತಗೊಳ್ಳೋದು ನಂಗೆ ಬೇಡ. ಆ ದಿನ ಕದ್ದು ಹಾಕಿದ್ದೇ ತಪ್ಪಾಯ್ತು. ಅವರೇ ಕೊಡ್ಬೇಕು, ಅವರಿಗೆ ನಿಜ ಗೊತ್ತಿದ್ದು ಕೊಡ್ಬೇಕು."

ಅತ್ತೆ ಸೌಟನ್ನು ಪಾತ್ರೆಯ ಅಂಚಿಗೆ ಟಣ್ಣೆಂದು ಬಡಿದಳು. ಒಪ್ಪಿದಳೋ ಬೈದಳೋ ಗೊತ್ತಾಗಲಿಲ್ಲ. ಬೇಡ ಎಂದು ಮಾತ್ರ ಮತ್ತೊಮ್ಮೆ ಹೇಳಲಿಲ್ಲ.

ಮಾರನೆಯ ದಿನ ಅಚ್ಚಿನವನು ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬಂದು ಹೊರಗಿನ ಬೆಂಚಿನ ಮೇಲೆ ಕೂತ. ಮಗ ಅವನಿಗೆ ನೀರು ಕೊಟ್ಟು ಜೊತೆಗೆ ಕೂತ. ಒಳಗೆ ಮಾವ ಹಳೆಯ ಬಟ್ಟೆಗಳ ಪೆಟ್ಟಿಗೆ ತೆಗೆದು ಒಂದೊಂದನ್ನೇ ಹೊರಗಿಡುತ್ತಿದ್ದ. ಸೊಸೆ ಹೋಗಿ ಎದುರಿಗೆ ನಿಂತಳು.

"ಮಾವ, ಆ ಬಟ್ಟೇಲಿ ಹನ್ನೊಂದು ತಲೆ ಇತ್ತು."

ಮಾವ ಕೈ ನಿಲ್ಲಿಸಲಿಲ್ಲ. "ಯಾವ ಬಟ್ಟೇಲಿ?"

"ನಾಟಕ ಮಂದಿರದ್ದು. ನೀವು ಹಾಕಿದ್ದು. ಹೆದರಿ ಹಿಂತಿರುಗಿ ನೋಡೋದು ಎರಡಿತ್ತು. ಒಂದಕ್ಕೆ ನಾನು ಮೈ ಕೊಟ್ಟು ಸಾರಥಿ ಮಾಡ್ದೆ."

"ಸುಳ್ಳು."

"ನಾನ್ಯಾಕೆ ಸುಳ್ಳು ಹೇಳ್ಲಿ?"

"ಮಾಡಿದ್ದನ್ನ ಮುಚ್ಕೊಳ್ಳೋಕೆ. ಹನ್ನೊಂದು ತಲೆ ನಾನು ಹಾಕ್ತೀನಾ? ನಿದ್ದೇಲಿ ಎಬ್ಬಿಸಿ ಕಡ್ಡಿ ಕೊಟ್ರೂ ಹಾಕಲ್ಲ."

"ಹಾಗಾದ್ರೆ ಪೇಟದ ಒಳಗೆ ನೋಡಿ" ಎಂದಳು ಸೊಸೆ. "ನೋಡಿ ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ."

ಅತ್ತೆ ಬಾಗಿಲ ಹತ್ತಿರ ಬಂದು ನಿಂತಿದ್ದಳು. ಅವಳು ಹಿತ್ತಲ ಕೋಣೆಗೆ ಹೋಗಿ ಬಟ್ಟೆಯ ಆ ತುದಿಯನ್ನು ಎತ್ತಿ, ಇನ್ನೊಂದು ತುದಿಯನ್ನು ಸೊಸೆಗೆ ಹಿಡಿಯಲು ಹೇಳಿದಳು. ಇಬ್ಬರೂ ಸೇರಿ ಕಿಟಕಿಯ ಬಿಸಿಲಿಗೆ ಅಡ್ಡವಾಗಿ ಹಿಡಿದರು. ಮಾವ ಬಂದ, ಬಾರದೆ ಇರಲಾಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮುಖವನ್ನು ಬಟ್ಟೆಯ ಹತ್ತಿರ ತಂದ. ಬಿಸಿಲು ಹಿಂದಿನಿಂದ ಬಿದ್ದು ಕೆಂಪು ತೆಳುವಾಗಿತ್ತು. ಅದರೊಳಗೆ ಮಡಿಕೆಗಳ ನಡುವೆ ಚೂಪಾದ ಕಿರೀಟವೊಂದು ನೆಟ್ಟಗೆ ನಿಂತಿತ್ತು. ಕಿರೀಟದ ಬುಡದಲ್ಲಿ ಮೂರು ಚುಕ್ಕೆ, ನಡುವಿನದು ಒಂಚೂರು ಮೇಲೆ. ಚುಕ್ಕೆಗಳನ್ನು ಹಾಗೆ ಇಡುತ್ತಿದ್ದವನು ಆ ಬೀದಿಯಲ್ಲೇನು, ಇಡೀ ಊರಲ್ಲಿ ಒಬ್ಬನೇ.

ಮಾವ ಕೈಯೆತ್ತಿ ಚುಕ್ಕೆಗಳನ್ನು ಮುಟ್ಟಿದ. ಆಮೇಲೆ ಎಡಗಡೆಯಿಂದ ಒಂದೊಂದೇ ತಲೆಯನ್ನು ಮುಟ್ಟುತ್ತ ಬಂದ. ಮುಗಿಸಿ ಮತ್ತೆ ಪೇಟಕ್ಕೆ ಬಂದು ನಿಂತ. ಪೆಟ್ಟಿಗೆಯ ಹತ್ತಿರ ವಾಪಸು ಹೋಗುವ ಬದಲು ಅಲ್ಲೇ ನೆಲದ ಮೇಲೆ, ಹೆಂಗಸರು ಬಣ್ಣ ತುಂಬಲು ಕೂರುವ ಜಾಗದಲ್ಲಿ ಕೂತುಬಿಟ್ಟ.

ಹೊರಗಿನಿಂದ ಬಂದ ಮಗನಿಗೆ ಒಂದೇ ನೋಟಕ್ಕೆ ಅರ್ಥವಾಯಿತು. "ನಾನು ಮಧ್ಯೆ ಬಾಯಿ ಹಾಕಿದ್ದಕ್ಕೇ ಹಂಗಾಗಿದ್ದು ಅಪ್ಪ" ಎಂದ. "ತಪ್ಪು ನಂದು. ನೀವು ಹೇಳ್ತಾ ಇರುವಾಗ ಬಂದು ಕಾಲು ಕೆರೆದು ಜಗಳ ತೆಗೆದೆ."

"ಇರಬಹುದು" ಎಂದ ಮಾವ. ನಂಬಿದವನ ಹಾಗೆ ಕಾಣಲಿಲ್ಲ. ಸೊಸೆಯ ಕಡೆ ತಿರುಗಿ ಕೇಳಿದ. "ಏನು ಹೇಳ್ದೆ?"

"ಯಾವಾಗ ಮಾವ?"

"ಇವನನ್ನ ಹಾಕುವಾಗ. ಏನಾದ್ರೂ ಹೇಳಿರ್ತೀಯಲ್ಲ. ಹೇಳದೆ ಈ ಬೆನ್ನು ಹೀಗೆ ಬರಲ್ಲ."

ಸೊಸೆ ಬಟ್ಟೆಯನ್ನು ಹಿಡಿದುಕೊಂಡೇ ಹೇಳಿದಳು. ರಥ ಹೊಡೆಯೋನು ಬಂದ ಎನ್ನುವಲ್ಲಿಂದ ಲಗಾಮು ಬಿಡಲಿಲ್ಲ ಎನ್ನುವ ತನಕ. ಮೊದಮೊದಲು ದನಿ ತೊದಲಿತು, ಆಮೇಲೆ ನೆಟ್ಟಗಾಯಿತು. ಮಾವ ಕಣ್ಣು ಮುಚ್ಚಿಕೊಂಡು ಕೇಳಿದ.

"ಲಗಾಮು ಸಡಿಲ ಆಗಿದೆ" ಎಂದ ಕೊನೆಗೆ. "ಕುದುರೆ ಆ ವೇಗದಲ್ಲಿ ಓಡುವಾಗ ಬಿಗಿ ಇರ್ಬೇಕು."

"ಅವನಿಗೆ ಹೊಡೆಯೋಕೆ ಮನಸ್ಸಿಲ್ಲ ಮಾವ. ಅದಕ್ಕೇ ಸಡಿಲ."

ಮಾವ ಕಣ್ಣು ಬಿಟ್ಟು ಲಗಾಮನ್ನೇ ನೋಡಿದ. "ಹಂಗೂ ಇರಬಹುದು" ಎಂದ.

ಎದ್ದು ಹೊರಗೆ ಹೋದ. ಅಚ್ಚಿನವನು ಆಗಲೇ ಕ್ಯಾಮೆರಾ ಬಿಚ್ಚಿ ಸ್ಟ್ಯಾಂಡಿನ ಮೇಲೆ ಕೂರಿಸುತ್ತಿದ್ದ.

"ಮಡಚಿಬಿಡಪ್ಪ. ಬಿಸಿಲಲ್ಲಿ ಬಂದಿದೀಯ, ಚಹಾ ಕುಡ್ಕೊಂಡು ಹೋಗು. ನಮ್ಮನೇಲಿ ಗೆರೆ ಹಾಕೋರು ಇದಾರೆ."

ಬಟ್ಟೆ ಹೇಳಿದ ಹೊತ್ತಿಗೆ ನಾಟಕ ಮಂದಿರದ ಗೋಡೆ ಏರಿತು. ಅಲ್ಲಿನ ಮೇಲ್ವಿಚಾರಕಿ ಕತ್ತೆತ್ತಿ ಎಲ್ಲವನ್ನೂ ನೋಡಿ, "ಆ ಸಾರಥಿ ಮುಖ ಮಾತ್ರ ಮರೆಯೋಕಾಗಲ್ಲ. ಯಾರು ಬರೆದಿದ್ದು?" ಎಂದಳು. ಮಗ ಬಾಯಿ ತೆರೆಯುವ ಮೊದಲೇ ಮಾವ, "ಮುಖ ನಂದು, ಮೈ ಸೊಸೇದು" ಎಂದ. ಆಕೆಗೆ ಏನು ತಿಳಿಯಿತೋ, ನಕ್ಕು ತಲೆಯಾಡಿಸಿದಳು. ಮಗ ಮಾತ್ರ ಆ ದಿನ ಹೆಂಡತಿಯ ಹತ್ತಿರ ಚೆನ್ನಾಗಿ ಅನ್ನಿಸಿಕೊಂಡ. ಗೊತ್ತಿದ್ದ ಮೇಲೆ ಇಷ್ಟು ವರ್ಷ ನಿಮ್ಮ ಬಾಯಲ್ಲಿ ಏನಿತ್ತು ಎಂದು ಕೇಳಿದಳು. ಮುಂದಿನ ಕೆಲಸ ಹುಡುಕಿಕೊಂಡು ಹೋದಾಗ ಗೆರೆ ಯಾರದ್ದು ಎಂದು ಕೇಳಿದವರಿಗೆಲ್ಲ ನನ್ನ ಹೆಂಡತಿಯದು ಎಂದೇ ಹೇಳಿ ಬಂದ.

ಆ ಕೆಲಸ ಸಿಕ್ಕಿದ್ದು ಒಂದು ಗ್ರಂಥಾಲಯದಿಂದ. ಅವರಿಗೂ ಅದೇ ಹತ್ತುತಲೆ, ಅದೇ ಹದ್ದು ಬೇಕಿತ್ತು. ಅತ್ತೆ ಹಾಲು ಹಾಕಿ ಬಟ್ಟೆ ಒಣಗಿಸಿದಳು. ಮಾವ ಅಟ್ಟದಿಂದ ತನ್ನ ಕಡ್ಡಿ ಇಳಿಸಿ, ಹೊಸ ಉಣ್ಣೆ ಸುತ್ತಿ, ಸೊಸೆಯ ಮುಂದೆ ಹಿಡಿದ.

"ನಾನು ಹೇಳ್ತೀನಿ. ನೀನು ಹಾಕು."

ಅವಳು ಅವನು ಕೂರುತ್ತಿದ್ದ ಜಾಗದಲ್ಲಿ ಹಲಗೆಯ ಮುಂದೆ ಕೂತಳು. ಅವನು ಪಕ್ಕದಲ್ಲಿ ಗೋಡೆಗೆ ಒರಗಿದ. ಮಗ ಬಾಗಿಲಲ್ಲಿ ನಿಂತಿದ್ದ, ಕೆಮ್ಮು ಬಂದರೂ ನುಂಗಿಕೊಂಡ. ರೇಡಿಯೋಗೆ ಅವಳಜ್ಜಿ ಬಾಯಿ ತುಂಬ ಬ್ರೆಡ್ಡು ಕೊಟ್ಟು ಕೂರಿಸಿದ್ದಳು. ನಡುವೆ ಮೀಸೆ ತಿರುವೋದು ಬಂತು. ಅದರ ಪಕ್ಕ ನಗೋದು ಬಂತು. ಮಾವನ ದನಿ ಹಿಂದಿನಂತೆಯೇ ಗಟ್ಟಿಯಾಗಿತ್ತು, ಸೊಸೆಯ ಕೈ ಆ ದನಿಯ ಹಿಂದೆಯೇ ಹೋಗುತ್ತಿತ್ತು. ಎಡಗಡೆ ಮುಗಿಯಿತು, ಬಲಕ್ಕೆ ಬಂದರು.

"ಹೆದರಿ ಹಿಂತಿರುಗಿ ನೋಡೋದು ಬಂತು" ಎಂದ ಮಾವ.

ಸೊಸೆ ಹಾಕಿದಳು. ಕಿರೀಟದ ಬುಡಕ್ಕೆ ಮೂರು ಚುಕ್ಕೆ ಇಟ್ಟಳು, ನಡುವಿನದು ಒಂಚೂರು ಮೇಲೆ.

ಯಾರೂ ಮಾತಾಡಿರಲಿಲ್ಲ. ಯಾರೂ ಒಳಗೆ ಬಂದಿರಲಿಲ್ಲ, ಬೀದಿಯಲ್ಲಿ ಒಂದು ಗಾಡಿಯ ಸದ್ದೂ ಇರಲಿಲ್ಲ.

"ಹೆದರಿ ಹಿಂತಿರುಗಿ ನೋಡೋದು ಬಂತು" ಎಂದ ಮಾವ.

ಬಾಗಿಲಲ್ಲಿ ಮಗ ತಲೆ ತಗ್ಗಿಸಿದ. ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಸೊಸೆ ಕಡ್ಡಿಯನ್ನು ಬಟ್ಟೆಯಿಂದ ಮೇಲಕ್ಕೆ ಎತ್ತಿ ಹಿಡಿದಳು. ಉಣ್ಣೆಯನ್ನು ಹಿಂಡಲಿಲ್ಲ, ಒಂದು ಹನಿಯನ್ನೂ ಬೀಳಗೊಡಲಿಲ್ಲ. ಕೈ ಅಲ್ಲಾಡದಂತೆ ಹಾಗೇ ಕಾದಳು.

"ಅದು ಆಯ್ತು ಮಾವ" ಎಂದಳು.

"ಆಯ್ತಾ?"

"ಆಯ್ತು."

ಮಾವ ಬಗ್ಗಿ ಬಟ್ಟೆ ನೋಡಿದ. ತಲೆಗಳ ಮೇಲೆ ಬೆರಳಾಡಿಸುತ್ತ ಹೋಗಿ, ಅವಳು ಇಟ್ಟ ಚುಕ್ಕೆಗಳ ಹತ್ತಿರ ನಿಂತು, ಮತ್ತೆ ಗೋಡೆಗೆ ಒರಗಿದ.

"ಹಂಗಾದ್ರೆ ಸಾರಥೀನ ಕರಿ" ಎಂದ. "ಅವನ ಮಾತು ನಂಗೆ ಬರಲ್ಲ. ನೀನೇ ಹೇಳು."

ಸೊಸೆ ಉಣ್ಣೆ ಹಿಂಡಿದಳು. "ರಥ ಹೊಡೆಯೋನು ಬಂದ" ಎಂದಳು.